ಉಪವಾಸದ ಮೌನದಲ್ಲಿ ದೈವಕರೆ

ಜಯನಗರದ ಮಗ್ಗುಲಿನಿಂದ ಬನ್ನೇರುಘಟ್ಟ ರಸ್ತೆಯನ್ನು ಹಿಡಿದು, ಎಡಕ್ಕೆ ಬಿ.ಟಿ.ಎಂ. ಬಡಾವಣೆಯನ್ನೂ ಬಲಕ್ಕೆ ಜೆ.ಪಿ. ನಗರವನ್ನೂ ಹಿಂದಿಕ್ಕಿ ಕಾಳೇನ ಅಗ್ರಹಾರದತ್ತ ಸಾಗುವ ಪಥಿಕನಿಗೆ, ವಾಹನಗಳ ಆ ಅವಿರತ ಘೋಷದ ನಡುವೆ, ಅನತಿದೂರದ ಆವರಣವೊಂದರಲ್ಲಿ ಮೌನವನ್ನೇ ವ್ರತವಾಗಿ ಹಿಡಿಯುವ ತರುಣರಿದ್ದಾರೆಂಬ ಕಲ್ಪನೆಯೂ ಬಾರದು. ಆ ಆವರಣದ ಹೆಸರು ಮೌಂಟ್ ಸೇಂಟ್ ಜೋಸೆಫ್. ಯೇಸುಸಭೆಯೆಂಬ ಕಥೋಲಿಕ ಸನ್ಯಾಸಿ ಸಂಘವನ್ನು ಸೇರಬಯಸಿ ಬಂದವರು ನವಶಿಷ್ಯರಾಗಿ ಎರಡು ವರ್ಷ ಕಳೆಯುವ ಮನೆ ಅದು. ಆ ಅವಧಿಯಲ್ಲಿ ಒಮ್ಮೆ ಅವರು ಪೂರ್ಣ 30 ದಿನ ಮಾತು ಬಿಟ್ಟು, ದಿನಕ್ಕೆ ನಾಲ್ಕೈದು ತಾಸು ಧ್ಯಾನಿಸಿ, ತಮ್ಮ ಅಂತರಂಗದಲ್ಲಿ ಕಂಡದ್ದನ್ನು ಮಾರ್ಗದರ್ಶಿಗೆ ಮರೆಮಾಚದೆ ನಿವೇದಿಸಿ, ದೇವರು ತಮ್ಮನ್ನು ಯಾವ ಕಾರ್ಯಕ್ಕಾಗಿ ಸೃಜಿಸಿದನೆಂಬ ಪ್ರಶ್ನೆಯೊಂದಿಗೆ ಏಕಾಂತದಲ್ಲಿ ಉಳಿಯುತ್ತಾರೆ.

ಇದೇ ಪ್ರಶ್ನೆಗೆ ಉಪವಾಸದಲ್ಲಿ ಉತ್ತರ ಅರಸುವವರೂ ಉಂಟು. ಏಕಾದಶಿಯ ಮನೆಗಳಲ್ಲಿ ಬೆಳೆದ ಓದುಗರಿಗೆ ಉಪವಾಸವೆಂಬುದು ಅಪರಿಚಿತವಲ್ಲ. ಕ್ರೈಸ್ತರಲ್ಲಿಯೂ ಕಾಲನಿಯಮಿತವಾದ ಉಪವಾಸವುಂಟು. ಬೂದಿ ಬುಧವಾರದಿಂದ ಮೊದಲಾಗುವ ತಪಸ್ಸುಕಾಲದ ನಲವತ್ತು ದಿನಗಳು ಅಂಥವು. ಆದರೆ ಅದಲ್ಲದೆ, ಉದ್ಯೋಗವೋ ವಿವಾಹವೋ ಸೇವೆಯೋ ಎಂಬ ಕವಲುದಾರಿಯಲ್ಲಿ ನಿಂತವನು ತಾನಾಗಿ ಕೈಗೊಳ್ಳುವ ಉಪವಾಸವೂ ಒಂದುಂಟು. ಬಡಾವಣೆಗಳ ಕ್ರೈಸ್ತ ಸಭೆಗಳಲ್ಲಿ ಅದಕ್ಕೆ ‘ಉಪವಾಸ ಪ್ರಾರ್ಥನೆ’ ಎಂದು ಹೆಸರು. ಅಲ್ಲಿ ಅರಸುವುದನ್ನು ‘ದೇವರ ಚಿತ್ತ’ ಎನ್ನುತ್ತಾರೆ. ಇದರ ಮೂಲ ಪ್ರಾಚೀನವಾದದ್ದು. ಅಂತಿಯೋಕ್ಯದ ಸಭೆಯವರು ಉಪವಾಸದಿಂದಿದ್ದು ಆರಾಧಿಸುತ್ತಿದ್ದಾಗಲೇ ಬಾರ್ನಬನನ್ನೂ ಸೌಲನನ್ನೂ ದೇವರ ಕಾರ್ಯಕ್ಕಾಗಿ ಪ್ರತ್ಯೇಕಿಸಬೇಕೆಂಬ ಪ್ರೇರಣೆಯಾಯಿತೆಂದು ಅಪೊಸ್ತಲರ ಕೃತ್ಯಗಳ 13ನೆಯ ಅಧ್ಯಾಯ ತಿಳಿಸುತ್ತದೆ. ಕರೆ ಬಂದದ್ದು ಇಬ್ಬರಿಗೆ, ಉಪವಾಸವಿದ್ದು ಆ ಕರೆಯನ್ನು ಕೇಳಿಸಿಕೊಂಡದ್ದು ಸಭೆ. ಈ ಸಂಗತಿಯನ್ನು ಒಬ್ಬಂಟಿಯಾಗಿ ಹಟಹಿಡಿದು ಕುಳಿತುಕೊಳ್ಳುವವರು ಮರೆಯಬಾರದು.

ಮೂವತ್ತು ದಿನಗಳ ಆ ಸಾಧನೆಯನ್ನು ರೂಪಿಸಿದ ಸಂತ ಇಗ್ನೇಷಿಯಸರು ಹುಟ್ಟು ಸಾಧುಗಳಾಗಿರಲಿಲ್ಲ, ಕೀರ್ತಿಕಾಮಿಯಾದ ಯೋಧರಾಗಿದ್ದರು. 1521ರಲ್ಲಿ ಪಾಂಪ್ಲೋನದ ಕೋಟೆಯನ್ನು ಕಾಯುತ್ತಿದ್ದಾಗ ಫಿರಂಗಿಯ ಗುಂಡಿನಿಂದ ಕಾಲು ಮುರಿದು, ಲೊಯೋಲದ ತಮ್ಮ ಮನೆಯಲ್ಲಿ ಶಯ್ಯಾಗತರಾಗಿದ್ದ ಅವರು ಒಂದು ಸೂಕ್ಷ್ಮವನ್ನು ಗಮನಿಸಿದರು: ರಾಜಸಭೆಯ ವೈಭವವನ್ನು ನೆನೆದಾಗ ಆಗುವ ಹಿಗ್ಗು ನೆನಪಿನೊಡನೆಯೇ ಬತ್ತಿ ಮನಸ್ಸು ಶುಷ್ಕವಾಗುತ್ತಿತ್ತು, ಕ್ರಿಸ್ತನನ್ನು ಅನುಸರಿಸಿದ ಸಂತರನ್ನು ನೆನೆದಾಗಿನ ಆನಂದವಾದರೋ ನೆನಪು ಸರಿದ ಮೇಲೆಯೂ ನಿಲ್ಲುತ್ತಿತ್ತು. ದೈವಕರೆಯನ್ನು ಪರೀಕ್ಷಿಸಲು ಅವರು ಮುಂದೆ ಹೇಳಿದ ವಿವೇಕವೆಲ್ಲ ಈ ಒಂದು ಅನುಭವದ ವಿಸ್ತಾರವೆಂದೇ ನಾನು ತಿಳಿದಿದ್ದೇನೆ. ಮರುವರ್ಷ ಮನ್ರೇಸದಲ್ಲಿ ಪಾಪಶಂಕೆಗಳಿಂದ ಪೀಡಿತರಾದ ಅವರು, ದೇವರು ಶಾಂತಿ ಕೊಡುವವರೆಗೆ ಉಣ್ಣೆನೆಂದು ಪಣತೊಟ್ಟು ಒಂದು ವಾರ ಅನ್ನ ನೀರುಗಳನ್ನು ಬಿಟ್ಟರು. ಪಾಪನಿವೇದನೆಯನ್ನು ಕೇಳುತ್ತಿದ್ದ ಗುರುಗಳು ಆ ವ್ರತವನ್ನು ಮುರಿಯೆಂದು ಆಜ್ಞಾಪಿಸಿದರು, ಇಗ್ನೇಷಿಯಸರು ಮುರಿದರು. ದೇಹವನ್ನು ದಂಡಿಸಿದ ಆ ದಿನಗಳ ಫಲವಾಗಿ ಅವರ ಆರೋಗ್ಯ ಕೆಟ್ಟಿತು. ಅದರಿಂದ ಕಲಿತದ್ದನ್ನು ಮೂವತ್ತು ದಿನಗಳ ಸಾಧನೆಯನ್ನು ವಿವರಿಸುವ ತಮ್ಮ ಗ್ರಂಥದಲ್ಲಿ ವಿಧಿಸಿದರು: ಶರೀರವನ್ನು ಕೆಡಿಸದಷ್ಟೇ ಉಪವಾಸ, ಮನಸ್ಸು ಕುಗ್ಗಿರುವ ವೇಳೆಯಲ್ಲಿ ಹಿಂದಿನ ನಿಶ್ಚಯವನ್ನು ಬದಲಿಸದಿರುವುದು.

ಹಸಿವನ್ನು ದೇವರ ಮುಂದೆ ಒತ್ತೆಯಿಟ್ಟು ವರವನ್ನು ಕೇಳುವ ಉಪವಾಸಕ್ಕೂ, ನಾನಾ ಆಸೆಗಳ ಗದ್ದಲವನ್ನು ತಗ್ಗಿಸಿ ಕಿವಿಗೊಡುವ ಉಪವಾಸಕ್ಕೂ ಇರುವ ಅಂತರ ಬಹು ದೊಡ್ಡದು. ಮೊದಲನೆಯದನ್ನು ನಾನು ವ್ಯಾಪಾರವೆಂದೇ ಕರೆಯುತ್ತೇನೆ. ಪ್ರವಾದಿ ಯೆಶಾಯನ 58ನೆಯ ಅಧ್ಯಾಯ ಈ ವಿಷಯದಲ್ಲಿ ನಿಷ್ಠುರವಾಗಿದೆ: ಹಸಿದವನಿಗೆ ಅನ್ನ ಹಂಚದ, ಬಂಧಿತನ ನೊಗವನ್ನು ಬಿಚ್ಚದ ಉಪವಾಸವು ದೇವರಿಗೆ ಒಪ್ಪಿಗೆಯಾಗದು. ಆದ್ದರಿಂದ ಊಟ ಬಿಟ್ಟವನು ಆ ಊಟ ಯಾರಿಗೆ ಸಲ್ಲಬೇಕೆಂದು ಕೇಳಿಕೊಳ್ಳುವುದರಲ್ಲಿಯೇ, ಅನೇಕ ವೇಳೆ, ಅವನ ಜೀವಿತೋದ್ದೇಶದ ಮೊದಲ ಸುಳಿವು ದೊರೆಯುತ್ತದೆ. ಕಥೋಲಿಕ ಧರ್ಮಸಭೆಯ ಕಟ್ಟಳೆಯೂ ಮಿತವಾದದ್ದೇ: ಬೂದಿ ಬುಧವಾರ ಮತ್ತು ಶುಭ ಶುಕ್ರವಾರಗಳಲ್ಲಿ, 18ರಿಂದ 59ರ ವಯಸ್ಸಿನವರಿಗೆ, ಒಂದು ಪೂರ್ಣ ಭೋಜನ. ಮಧುಮೇಹಿಗಳೂ ಗರ್ಭಿಣಿಯರೂ ಔಷಧಿ ಸೇವಿಸುವವರೂ ವೈದ್ಯರನ್ನು ಕೇಳದೆ ನಿರಾಹಾರಕ್ಕೆ ಇಳಿಯಬಾರದು.

ಬಾಡಿಗೆ ಕೋಣೆಯಲ್ಲಿ ಒಂದು ದಿನ ಉಪವಾಸವಿದ್ದು, ಸಂಜೆಯ ವೇಳೆಗೆ ಉತ್ತರ ಕಾಣದೆ ಅಧೀರನಾಗುವ ತರುಣನಿಗೆ ಇಗ್ನೇಷಿಯಸರ ಉಳಿದ ಕಥೆಯನ್ನು ತಿಳಿಸಬೇಕೆನಿಸುತ್ತದೆ. ಯೆರೂಸಲೇಮಿನಲ್ಲಿ ನೆಲೆಸುವುದೇ ತಮ್ಮ ಕರೆಯೆಂದು ನಂಬಿ ಅವರು 1523ರಲ್ಲಿ ಅಲ್ಲಿಗೆ ಹೋದರು. ಅಲ್ಲಿನ ಅಧಿಕಾರಿಗಳಾಗಿದ್ದ ಫ್ರಾನ್ಸಿಸ್ಕನ್ ಗುರುಗಳು ಹಿಂದಿರುಗೆಂದರು. ಮರುವರ್ಷ ಬಾರ್ಸಿಲೋನದಲ್ಲಿ, ಮೂವತ್ತು ದಾಟಿದ ವಯಸ್ಸಿನಲ್ಲಿ, ಚಿಕ್ಕ ಹುಡುಗರ ನಡುವೆ ಕುಳಿತು ಲ್ಯಾಟಿನ್ ವ್ಯಾಕರಣವನ್ನು ಕಲಿಯತೊಡಗಿದರು. ಅವರು ಸ್ಥಾಪಿಸಿದ ಯೇಸುಸಭೆಗೆ ಪೋಪರ ಸಮ್ಮತಿ ದೊರೆತದ್ದು 1540ರ ಸೆಪ್ಟೆಂಬರ್ 27ರಂದು, ಮನ್ರೇಸದ ಆ ಉಪವಾಸದಿಂದ ಹದಿನೆಂಟು ವರ್ಷಗಳ ತರುವಾಯ.