ಪಿಪಿಎಫ್ ಮುಗಿದ ತಕ್ಷಣ ದುಡ್ಡು ತೆಗೀಬೇಕಾ?

ನಿಮ್ಮ ಪಿಪಿಎಫ್‌ಗೆ 15 ವರ್ಷ ತುಂಬಿತು.
ಪೂರ್ತಿ ದುಡ್ಡು ತೆಗೀಬೇಕಾ, ಮುಂದುವರಿಸಬೇಕಾ?

ತೆಗೆಯೋ ಮುಂಚೆ ಈ ಲೆಕ್ಕ ಕೇಳಿ.

ಪ್ರತಿ ಏಪ್ರಿಲ್‌ನಲ್ಲಿ
60 ಸಾವಿರ ಕಟ್ತೀರಿ ಅಂದ್ಕೊಳ್ಳಿ.
ಬಡ್ಡಿ ಶೇಕಡಾ 7.1 ಅಂತ ಹಿಡಿಯೋಣ.

15 ವರ್ಷಕ್ಕೆ ನೀವು ಕಟ್ಟಿದ್ದು 9 ಲಕ್ಷ.
ಬಂದ ಬಡ್ಡಿ, ಸುಮಾರು 7 ಲಕ್ಷ.

ಈಗ ಇನ್ನೂ 10 ವರ್ಷ ಮುಂದುವರಿಸಿ.
ಕಟ್ಟೋದು ಬರೀ 6 ಲಕ್ಷ.
ಬರೋ ಬಡ್ಡಿ?
ಹತ್ತಿರ ಹತ್ತಿರ 19 ಲಕ್ಷ!

ಹೇಗೆ? ಬಡ್ಡಿಗೂ ಬಡ್ಡಿ ಸೇರ್ತಾ ಹೋಗುತ್ತೆ.

ಅಡಿಕೆ ತೋಟ ನೋಡಿದ್ದೀರಲ್ಲ?
ಮೊದಲ ಐದಾರು ವರ್ಷ
ನೀರು, ಗೊಬ್ಬರ ಹಾಕಿದ್ದೇ ಬಂತು.
ಮರ ಫಸಲಿಗೆ ಬಂದಾಗ
ಯಾರಾದರೂ ಕಡೀತಾರಾ?

ಪಿಪಿಎಫ್‌ ಅನ್ನು ಐದೈದು ವರ್ಷ ವಿಸ್ತರಿಸಬಹುದು.
ಆದರೆ ದುಡ್ಡು ಕಟ್ತಾ ಮುಂದುವರಿಸೋದಾದ್ರೆ,
ಅವಧಿ ಮುಗಿದ ಒಂದು ವರ್ಷದೊಳಗೆ
ಅರ್ಜಿ ಕೊಡಲೇಬೇಕು.
ಮರೆತರೆ, ಹೊಸದಾಗಿ ಕಟ್ಟಿದ್ದಕ್ಕೆ ಬಡ್ಡಿ ಇಲ್ಲ.

ಇನ್ನೊಂದು ಮಾತು.
5ನೇ ತಾರೀಕಿನೊಳಗೆ ಕಟ್ಟಿ.
6ಕ್ಕೆ ಕಟ್ಟಿದರೆ
ಆ ಕಂತಿಗೆ ಆ ತಿಂಗಳ ಬಡ್ಡಿ ಹೋಯ್ತು.

ಹಾಗಂತ ಎಲ್ಲಾ ದುಡ್ಡೂ ಇಲ್ಲೇ ಇಡಬೇಡಿ.
ಬಡ್ಡಿ ದರವನ್ನ ಸರ್ಕಾರ
ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತೆ.
ಇಳಿಯಲೂಬಹುದು.
ಅಕ್ಕಿ, ಔಷಧಿ ಬೆಲೆ ಮಾತ್ರ
ನೀವು ರಿಟೈರ್ ಆದ್ಮೇಲೂ ಏರ್ತಾನೇ ಇರುತ್ತೆ.
ನಿಮ್ಮ ವಯಸ್ಸು, ಧೈರ್ಯ ನೋಡ್ಕೊಂಡು
ಒಂದು ಪಾಲು ಎನ್‌ಪಿಎಸ್‌ಗೋ,
ಮ್ಯೂಚುವಲ್ ಫಂಡ್ ಎಸ್‌ಐಪಿಗೋ ಹೋಗಲಿ.

ಇವತ್ತೇ ಪಾಸ್‌ಬುಕ್ ತೆಗೆದು ನೋಡಿ.
ನಿಮ್ಮ ಖಾತೆ ಯಾವ ವರ್ಷ ಮುಗಿಯುತ್ತೆ?
ಕಾಮೆಂಟ್‌ನಲ್ಲಿ ಹೇಳಿ.