ಬಚ್ಚಲುಮನೆ ದುರಸ್ತಿ: ಹಣ ಮೊದಲು ನೆಲಕ್ಕೆ

ಫಜ್ರ್‌ಗೆ ಎದ್ದ ಹಿರಿಯರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದುಂಟು. ವುಝೂ ಮಾಡುತ್ತ ಒಂದು ಕಾಲೆತ್ತಿ ತೊಳೆಯುವ ಹೊತ್ತು ಇನ್ನೂ ಅಪಾಯದ್ದು. ಹಣ ಕಡಿಮೆಯಿದ್ದರೆ ಗೋಡೆಯ ಹೊಳಪು ಬಿಟ್ಟು ಮೊದಲು ನೆಲ ಸರಿಪಡಿಸಿ.

ಕಲ್ಲು: ಯಾದಗಿರಿ, ಶಹಾಪುರ, ಸುರಪುರದ ಮನೆಗಳಿಗೆ ಶಹಾಬಾದಿ ಕಲ್ಲು ಹೊಸದಲ್ಲ. ಪಾಲಿಶ್ ಮಾಡದ ಒರಟು ಕಲ್ಲನ್ನೇ ಹಾಸಿ. ನುಣುಪಾದ ಟೈಲ್ಸ್ ಒದ್ದೆಯಾದರೆ ಜಾರುತ್ತದೆ. ಹಳೆಯ ಕಲ್ಲು ಒಡೆಯದೆ ಎದ್ದು ಬಂದರೆ ಅದನ್ನೇ ಮತ್ತೆ ಹಾಸಬಹುದು.

ಇಳಿಜಾರು: ನೀರು ಹೋಗುವ ಜಾಲಿಯ ಕಡೆಗೆ 4 ಅಡಿಗೆ 1 ಅಂಗುಲ ಇಳಿಜಾರು ಕೊಡಿ. ನೀರು ನಿಂತಲ್ಲಿ ಪಾಚಿ ಕಟ್ಟುತ್ತದೆ.

ಟ್ರ್ಯಾಪ್: ಜಾಲಿಯ ಕೆಳಗೆ ನೀರು ಹಿಡಿದಿಡುವ ಟ್ರ್ಯಾಪ್ ಕೂರಿಸಿ. ಆ ನೀರೇ ದುರ್ವಾಸನೆ, ಜಿರಳೆಗಳನ್ನು ತಡೆಯುತ್ತದೆ. ಬಳಸದ ಬಚ್ಚಲಲ್ಲಿ ಬೇಸಿಗೆಗೆ ಅದು ಆರುತ್ತದೆ. ವಾರಕ್ಕೊಮ್ಮೆ ಒಂದೆರಡು ತಂಬಿಗೆ ನೀರು ಸುರಿಯಿರಿ.

ಗಾಳಿ: ಯುನಾನಿ ಹೇಳುವ ಆರು ಜೀವನಾವಶ್ಯಕಗಳಲ್ಲಿ ಮೊದಲನೆಯದು ಗಾಳಿ. ಎತ್ತರದಲ್ಲೊಂದು ಕಿಟಕಿಯಿರಲಿ. ತೇವ ಆರದ ಗೋಡೆಯ ಬೂಷ್ಟು ದಮ್ಮು ಇದ್ದವರಿಗೆ ಕೆಡುಕು.

ಆಸಿಡ್ ಬೇಡ: ಶಹಾಬಾದಿ ಸುಣ್ಣದ ಕಲ್ಲು, ಆಸಿಡ್ ಅದನ್ನು ತಿನ್ನುತ್ತದೆ. ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಬೆರೆತರೆ ಪ್ರಾಣಕ್ಕೇ ಅಪಾಯವಾದ ಕ್ಲೋರಿನ್ ಅನಿಲ ಏಳುತ್ತದೆ. ಸೋಪಿನ ಪುಡಿ, ಬ್ರಶ್ ಸಾಕು.

ಇಷ್ಟನ್ನು ಗಾರೆ ಕೆಲಸ ಬಲ್ಲ ಮನೆಯವರೇ ಮಾಡಬಹುದು. ಗೀಸರ್‌ನ ವೈರಿಂಗ್ ಮತ್ತು ಅರ್ಥಿಂಗ್ ಮಾತ್ರ ಎಲೆಕ್ಟ್ರಿಷಿಯನ್‌ಗೇ ಬಿಡಿ. ಉಳಿದ ಹಣದಲ್ಲಿ ಒಂದು ದೀಪ, ವುಝೂಗೆ ಕೂರಲು ಗಟ್ಟಿ ಕಟ್ಟೆ, ಪಕ್ಕದ ಗೋಡೆಗೆ ಹಿಡಿದು ಏಳಲು ಭದ್ರವಾದ ಸರಳು ಹಾಕಿಸಿ.