ದಪ್ಪ ಟೈರಿನ ಲೆಕ್ಕ

ಬೈಕಿನ ಹಿಂದಿನ ಟೈರ್ ಸವೆದು ನುಣ್ಣಗಾದಾಗ ಅಂಗಡಿಯಲ್ಲಿ ಮೊದಲು ಕೇಳಿಬರುವ ಮಾತು ಇದು: "ಕಂಪನಿ ಸೈಜೇ ಹಾಕ್ಲಾ ಸಾರ್, ಒಂದು ಸೈಜ್ ದಪ್ಪ ಹಾಕ್ಲಾ?" ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ. ದಪ್ಪ ಟೈರ್ ಹಾಕಿದರೆ ಹಿಂದಿನಿಂದ ನೋಡುವವರಿಗೆ ಬೈಕು ಭರ್ಜರಿಯಾಗಿ ಕಾಣುತ್ತದೆ. ರಸ್ತೆಯ ಮೇಲೆ ಹಿಡಿತವೂ ಹೆಚ್ಚುತ್ತದೆ ಎಂಬ ನಂಬಿಕೆ ಬೇರೆ. ಈ ನಂಬಿಕೆ ಎಷ್ಟು ನಿಜ ಎಂದು ತಿಳಿಯಲು ನಮ್ಮ ರಸ್ತೆಗಳಲ್ಲಿ ದಿನವೂ ಕಾಣುವ ಪಲ್ಸರ್ 150ನ್ನೇ ತೆಗೆದುಕೊಳ್ಳೋಣ. ಒಂದೇ ಡಿಸ್ಕ್ ಬ್ರೇಕಿನ ಪಲ್ಸರಿನ ಹಿಂದಿನ ಟೈರಿನ ಮೇಲೆ 100/90-17 ಎಂದು ಬರೆದಿರುತ್ತದೆ. ಅದನ್ನು ಬಿಚ್ಚಿ 120/80-17 ಹಾಕಿಸುವುದು ಬಹಳ ಜನರ ಆಸೆ.

ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಎತ್ತರ, ಆದರೆ ಅದು ಅಗಲದ ಶೇಕಡಾವಾರು. 100ರ 90ರಷ್ಟು ಎಂದರೆ ರಿಮ್ಮಿನ ಅಂಚಿನಿಂದ ಟೈರಿನ ನೆತ್ತಿಗೆ 90 ಮಿ.ಮೀ. ಕೊನೆಯ 17 ರಿಮ್ಮಿನ ವ್ಯಾಸ, ಇದು ಮಾತ್ರ ಇಂಚಿನಲ್ಲಿ. 17 ಇಂಚು ಎಂದರೆ 431.8 ಮಿ.ಮೀ. ಮೇಲೂ ಕೆಳಗೂ 90ರಂತೆ ಸೇರಿಸಿದರೆ ಇಡೀ ಚಕ್ರದ ವ್ಯಾಸ 611.8 ಮಿ.ಮೀ. ಇದೇ ಲೆಕ್ಕವನ್ನು 120/80ಕ್ಕೆ ಮಾಡಿದರೆ ಎತ್ತರ 96, ವ್ಯಾಸ 623.8 ಮಿ.ಮೀ. ಎರಡನೆಯ ಸಂಖ್ಯೆ 90ರಿಂದ 80ಕ್ಕೆ ಇಳಿದದ್ದನ್ನು ನೋಡಿ ಟೈರ್ ಗಿಡ್ಡವಾಯಿತೆಂದು ತಿಳಿಯುವವರಿದ್ದಾರೆ. ಅಗಲವೇ ಹೆಚ್ಚಿರುವುದರಿಂದ ಚಕ್ರ 12 ಮಿ.ಮೀ. ದೊಡ್ಡದಾಗಿದೆ, ಅಂದರೆ ಹೆಚ್ಚುಕಡಿಮೆ ಶೇ. 2.

ಶೇ. 2 ಎಂದರೆ ಸಣ್ಣದೇ. ಹಿಂದಿನ ಸ್ಪ್ರಾಕೆಟ್ಟಿನಲ್ಲಿ ನಲವತ್ತು ಚಿಲ್ಲರೆ ಹಲ್ಲುಗಳಿದ್ದರೆ ಅದರಲ್ಲಿ ಒಂದು ಹಲ್ಲು ಕಡಿಮೆ ಮಾಡಿದಂತೆ: ಪಿಕಪ್ ತುಸು ಮಂದವಾಗುತ್ತದೆ, ಟಾಪ್ ಗೇರಿನಲ್ಲಿ ಎಂಜಿನ್ ತುಸು ನಿಧಾನವಾಗಿ ತಿರುಗುತ್ತದೆ. ಸ್ಪ್ಲೆಂಡರಿನಂಥ ಬೈಕುಗಳಲ್ಲಿ ಸ್ಪೀಡೋಮೀಟರಿನ ಕೇಬಲ್ ಮುಂದಿನ ಚಕ್ರದ ಹಬ್ಬಿನಿಂದ ಬರುತ್ತದೆ. ಅಂಥವುಗಳಲ್ಲಿ ಹಿಂದಿನ ಟೈರ್ ಬದಲಿಸಿದರೆ ಮುಳ್ಳು ತಪ್ಪುವುದಿಲ್ಲ, ಮುಂದಿನದನ್ನು ದೊಡ್ಡದು ಮಾಡಿದರೆ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ವ್ಯಾಸ ಶೇ. 2ರ ಆಸುಪಾಸಿನಲ್ಲಿ ಇದ್ದರೆ ಇದಕ್ಕೆಲ್ಲ ತಲೆಕೆಡಿಸಿಕೊಳ್ಳಬೇಕಿಲ್ಲ. ತಲೆಕೆಡಿಸಿಕೊಳ್ಳಬೇಕಾದ್ದು ಅಗಲದ ಬಗ್ಗೆ.

ಟೈರ್ ರಸ್ತೆಯನ್ನು ಮುಟ್ಟುವ ಜಾಗ ಎಷ್ಟಿರುತ್ತದೆ? ಬೈಕು, ಸವಾರ ಸೇರಿ ಹಿಂದಿನ ಚಕ್ರದ ಮೇಲೆ 120 ಕೆಜಿ ಭಾರವಿದೆ ಎನ್ನೋಣ. ಗಾಳಿ 28 ಪಿಎಸ್‌ಐ, ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2 ಕೆಜಿ ಒತ್ತಡ. ಭಾರವನ್ನು ಒಳಗಿನ ಗಾಳಿಯೇ ಬಹುಪಾಲು ಹೊರುವುದರಿಂದ, 120ನ್ನು 2ರಿಂದ ಭಾಗಿಸಿದರೆ ಸುಮಾರು 60 ಚದರ ಸೆಂಟಿಮೀಟರ್. ಬೆರಳು ಬಿಟ್ಟು ಉಳಿದ ಅಂಗೈಯಷ್ಟು ಜಾಗ. ಟೈರಿನ ಅಗಲ ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿ. ಟೈರಿನ ಮೈಯ ಬಿಗಿತದಿಂದ ಅಲ್ಪಸ್ವಲ್ಪ ಆಚೀಚೆ ಆಗಬಹುದು. ಆದರೆ ಭಾರವೂ ಗಾಳಿಯೂ ಅಷ್ಟೇ ಇದ್ದರೆ ದಪ್ಪ ಟೈರಿನ ಅಂಗೈ ದೊಡ್ಡದೇನೂ ಆಗುವುದಿಲ್ಲ. ಉದ್ದಕ್ಕಿದ್ದ ಗುರುತು ಅಡ್ಡಕ್ಕೆ ಹರಡುತ್ತದೆ, ಅಷ್ಟೆ. ಹಾಗಾದರೆ ದೊಡ್ಡ ಬೈಕುಗಳಿಗೆ ಅಷ್ಟು ಅಗಲದ ಟೈರ್ ಏಕೆ? ಅವುಗಳ ಎಂಜಿನ್ ಹಾಕುವ ಬಲಕ್ಕೆ ರಬ್ಬರ್ ಕಾದು ಬೇಗ ಸವೆಯುತ್ತದೆ, ಆ ಕಾವನ್ನು ಹಂಚಿಕೊಳ್ಳಲು ರಬ್ಬರ್ ಹೆಚ್ಚು ಬೇಕು. 150 ಸಿಸಿ ಎಂಜಿನ್ನಿಗೆ ಅಷ್ಟು ಕಾಯಿಸುವ ಶಕ್ತಿಯಿಲ್ಲ.

ತಿರುವಿನಲ್ಲಿ ನಡೆಯುವುದು ಇನ್ನೂ ಕುತೂಹಲದ್ದು. ಬೈಕು ವಾಲಿದಾಗ ಟೈರ್ ನೆಲ ಮುಟ್ಟುವ ಬಿಂದು ನಡುಗೆರೆಯಿಂದ ಒಳಮಗ್ಗುಲಿಗೆ ಸರಿಯುತ್ತದೆ. ಟೈರ್ ದಪ್ಪವಾದಷ್ಟೂ ಈ ಸರಿತ ಹೆಚ್ಚು. ಸಮತೋಲ ಉಳಿಯಬೇಕಾದರೆ ಬೈಕು ಅದಕ್ಕೆ ತಕ್ಕಷ್ಟು ಹೆಚ್ಚೇ ವಾಲಬೇಕು. 25 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 40 ಕಿ.ಮೀ. ವೇಗದಲ್ಲಿ ಹಾಯುವ ಬೈಕು, ಟೈರಿಗೆ ದಪ್ಪವೇ ಇಲ್ಲದಿದ್ದರೆ, ಸುಮಾರು 27 ಡಿಗ್ರಿ ವಾಲಿದರೆ ಸಾಕಿತ್ತು. 100 ಮಿ.ಮೀ. ಟೈರಿದ್ದರೆ ಅದರ ಮೇಲೆ ಇನ್ನೂ 2 ಡಿಗ್ರಿಗಿಂತ ತುಸು ಹೆಚ್ಚು ಬೇಕು; 120 ಆದರೆ ಮತ್ತೆ ಅರ್ಧ ಡಿಗ್ರಿ. ಅರ್ಧ ಡಿಗ್ರಿ ಸವಾರನ ಅನುಭವಕ್ಕೆ ಬರದೆ ಹೋಗಬಹುದು. ಆದರೆ ದಿಕ್ಕು ನೋಡಿ: ದಪ್ಪ ಟೈರ್ ಹಾಕಿದವನು ಅದೇ ತಿರುವಿಗೆ, ಅದೇ ವೇಗಕ್ಕೆ ಹೆಚ್ಚು ವಾಲುತ್ತಿದ್ದಾನೆ. ಮುಂದಿನ ಟೈರ್ ಸಣ್ಣದು, ಹಿಂದಿನದು ದಪ್ಪ ಎಂದಾದರೆ ಮುಂದಿನ ಚಕ್ರ ಚಟ್ಟನೆ ವಾಲಲು ಬಯಸುತ್ತದೆ, ಹಿಂದಿನದು ತಡೆಯುತ್ತದೆ. "ಬೈಕು ಯಾಕೋ ಎಳೀತಿದೆ" ಎಂದು ಸವಾರರು ದೂರುವಾಗ ಎಷ್ಟೋ ಸಲ ಇದೇ ಕಾರಣ.

ಇದಕ್ಕೆ ಬಜಾಜ್ ಕಂಪನಿಯ ಕೆಲಸವೇ ಒಳ್ಳೆಯ ಸಾಕ್ಷಿ. 2018ರಲ್ಲಿ ಪಲ್ಸರ್ 150ರ ಎರಡು ಡಿಸ್ಕಿನ ಮಾದರಿ ಬಂದಾಗ ಅದಕ್ಕೆ ಹಿಂದೆ 120/80-17 ಟೈರನ್ನೇ ಕೊಟ್ಟರು. ಆದರೆ ಅದೊಂದನ್ನೇ ಕೊಡಲಿಲ್ಲ. ಮುಂದಿನ 80/100-17 ಹೋಗಿ 90/90-17 ಬಂತು, 31 ಮಿ.ಮೀ. ಇದ್ದ ಮುಂದಿನ ಫೋರ್ಕ್ 37 ಮಿ.ಮೀ. ಆಯಿತು, ಎರಡು ಚಕ್ರಗಳ ನಡುವಿನ ಅಂತರ 1320ರಿಂದ 1345 ಮಿ.ಮೀ.ಗೆ ಹೋಯಿತು. ದಪ್ಪ ಟೈರಿನ ಜೊತೆಗೆ ಇಷ್ಟನ್ನೂ ಬದಲಿಸಿದವರು ಬೈಕು ಕಟ್ಟಿದವರೇ. ನಾವು ಹಳೆಯ ಮಾದರಿಗೆ ಆ ಟೈರನ್ನು ಮಾತ್ರ ತಂದು ಸಿಕ್ಕಿಸಿದರೆ ಹೊಸ ಮಾದರಿಯ ನಡತೆ ಬರುವುದಿಲ್ಲ.

ಇನ್ನು ರಿಮ್. ನನ್ನ ಮಟ್ಟಿಗೆ ಟೈರ್ ಕೊಳ್ಳುವ ಮುನ್ನ ಮೊದಲು ಓದಬೇಕಾದ ಸಂಖ್ಯೆ ಇರುವುದು ಇಲ್ಲಿಯೇ, ಬಹುಪಾಲು ಜನ ಓದದೆ ಬಿಡುವುದೂ ಇದನ್ನೇ. ರಿಮ್ಮಿನ ಮೇಲೆ 17×2.15, 18×1.85 ಎಂಬಂತೆ ಅಚ್ಚಾಗಿರುತ್ತದೆ. ಎರಡನೆಯದು ರಿಮ್ಮಿನ ಒಳಗಲ, ಇಂಚಿನಲ್ಲಿ. ಹಳೆಯ ಕಡ್ಡಿ ಚಕ್ರಗಳಲ್ಲಿ ಡಬ್ಲ್ಯುಎಂ-2 ಎಂದಿದ್ದರೆ ಅದೂ 1.85 ಇಂಚೇ, ಡಬ್ಲ್ಯುಎಂ-3 ಎಂದರೆ 2.15. ಪ್ರತಿ ಟೈರನ್ನೂ ಒಂದು ನಿರ್ದಿಷ್ಟ ಅಗಲದ ರಿಮ್ಮನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪಿಸಿರುತ್ತಾರೆ. ಯಾವ ಅಗಲದಿಂದ ಯಾವ ಅಗಲದವರೆಗೆ ಹಾಕಬಹುದು ಎಂಬ ಪಟ್ಟಿಯನ್ನು ಟೈರ್ ಕಂಪನಿಗಳು ಕೊಡುತ್ತವೆ. ಅಗಲ ಟೈರನ್ನು ಕಿರಿದಾದ ರಿಮ್ಮಿಗೆ ತುರುಕಿದರೆ ಅದರ ಎರಡೂ ಅಂಚುಗಳು ಒಳಕ್ಕೆ ಹಿಂಡಿಕೊಳ್ಳುತ್ತವೆ, ಮಗ್ಗುಲು ಉಬ್ಬುತ್ತದೆ, ನೆತ್ತಿ ಚೂಪಾಗಿ ಮೇಲೇಳುತ್ತದೆ. ಆಗ ನೇರ ರಸ್ತೆಯಲ್ಲಿ ನೆಲಕ್ಕೆ ತಾಗುವುದು ನಡುವಿನ ಕಿರಿದಾದ ಪಟ್ಟಿ ಮಾತ್ರ. ಅದು ಬೇಗ ಸವೆದು ಚಪ್ಪಟೆಯಾಗುತ್ತದೆ. ಅಂಚಿನ ರಬ್ಬರ್ ಹೊಸದರಂತೆ ಉಳಿದೇ ಟೈರ್ ಗುಜರಿಗೆ ಹೋಗುತ್ತದೆ. ದುಡ್ಡು ಕೊಟ್ಟ ಅಗಲವೂ ಪೂರ್ತಿ ಸಿಗುವುದಿಲ್ಲ: ರಿಮ್ ಅರ್ಧ ಇಂಚು ಕಿರಿದಾದರೆ ಟೈರಿನ ಅಗಲ ಸುಮಾರು 5 ಮಿ.ಮೀ. ಕುಗ್ಗುತ್ತದೆ.

ಜಾಗದ ಪ್ರಶ್ನೆಯೂ ಇದೆ. ಒಂದು ಬದಿಗೆ ಚೈನ್, ಸುತ್ತ ಸ್ವಿಂಗ್‌ಆರ್ಮ್, ಮೇಲೆ ಮಡ್‌ಗಾರ್ಡ್. ಅಂಗಡಿಯಲ್ಲಿ ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿ "ಎಲ್ಲೂ ತಾಗಲ್ಲ ನೋಡಿ" ಎಂದು ತೋರಿಸುತ್ತಾರೆ. ಅದು ಸಾಲದು. ಇಬ್ಬರು ಕೂತು ಗುಂಡಿಗೆ ಇಳಿದಾಗ ಚಕ್ರ ಮೇಲೆ ಬರುತ್ತದೆ, ವೇಗ ಹೆಚ್ಚಿದಾಗ ಟೈರ್ ಹಿಗ್ಗುತ್ತದೆ. ಚೈನ್ ಹೊಸದಾಗಿ ಬಿಗಿಯಾಗಿದ್ದಾಗ ಚಕ್ರ ಎಲ್ಲಕ್ಕಿಂತ ಮುಂದಕ್ಕಿರುತ್ತದೆ. ಸ್ವಿಂಗ್‌ಆರ್ಮಿನ ಅಡ್ಡಪಟ್ಟಿಗೂ ಟೈರಿಗೂ ಇರುವ ಎಡೆಯನ್ನು ಆಗಲೇ ನೋಡಬೇಕು.

ಹಳೆಯ ಬೈಕು ಇಟ್ಟುಕೊಂಡವರ ಕಷ್ಟ ಬೇರೆ. ಅವರಿಗೆ ದಪ್ಪದ ಆಸೆಯಿಲ್ಲ, ಮೊದಲಿದ್ದ ಅಳತೆ ಸಿಕ್ಕರೆ ಸಾಕು. ಹಳೆಯ ಸ್ಪ್ಲೆಂಡರಿಗೆ 2.75-18, ಹಳೆಯ ಬುಲೆಟ್ಟಿಗೆ 3.25-19. ಈ ಇಂಚಿನ ಕ್ರಮದಲ್ಲಿ ಎತ್ತರದ ಸಂಖ್ಯೆಯೇ ಇಲ್ಲ, ಅಗಲದಷ್ಟೇ ಎತ್ತರ ಎಂದು ಇಟ್ಟುಕೊಳ್ಳಬೇಕು. 2.75 ಇಂಚು ಹೆಸರಿಗೆ 70 ಮಿ.ಮೀ. ಆದರೂ ಗಾಳಿ ತುಂಬಿದಾಗ ತುಸು ಹೆಚ್ಚೇ ಇರುತ್ತದೆ. ಹಾಗಾಗಿ 80/100-18 ಅದಕ್ಕೆ ಹತ್ತಿರದ ನೆಂಟ. ಸ್ಪ್ಲೆಂಡರಿಗೆ ಈಗ ಕಂಪನಿಯಿಂದ ಬರುವುದೂ ಅದೇ. ಬುಲೆಟ್ಟಿನ 3.25-19ಕ್ಕೆ ಬದಲು 90/90-19 ಅಥವಾ 100/90-19 ಹುಡುಕಬಹುದು. ಯಾವುದು ಸರಿ ಎಂದು ಕೊನೆಗೆ ಹೇಳುವುದು ಮತ್ತೆ ರಿಮ್ಮಿನ ಅಗಲವೇ.

ಅಳತೆ ಹೊಂದಿತೆಂದು ಅಲ್ಲಿಗೇ ನಿಲ್ಲಬಾರದು. ಹಳೆಯ ಸ್ಪ್ಲೆಂಡರಿನ ಮುಂದೆ, ಹಿಂದೆ ಎರಡೂ 2.75-18. ಆದರೆ ಮುಂದಿನದರ ಮೇಲೆ 42ಪಿ, ಹಿಂದಿನದರ ಮೇಲೆ 48ಪಿ. 42 ಎಂದರೆ ಆ ಟೈರ್ ಹೊರಬಲ್ಲ ಭಾರ 150 ಕೆಜಿ, 48 ಎಂದರೆ 180 ಕೆಜಿ. ಪಿ ಎಂದರೆ ಆ ಭಾರ ಹೊತ್ತು ಗಂಟೆಗೆ 150 ಕಿ.ಮೀ. ವೇಗ ತಾಳಬಲ್ಲದು. ಗಂಡ, ಹೆಂಡತಿ, ನಡುವೆ ಮಗು, ಟ್ಯಾಂಕಿನ ಮೇಲೆ ಅಕ್ಕಿ ಚೀಲ ಇಟ್ಟು ಸಂತೆಯಿಂದ ಮರಳುವ ಬೈಕಿನ ಹಿಂದಿನ ಚಕ್ರಕ್ಕೆ ಈ 30 ಕೆಜಿ ದೊಡ್ಡ ಮಾತು. ಮುಂದಿನ ಟೈರನ್ನು ಹಿಂದಕ್ಕೆ ಹಾಕಿ ಒಂದಷ್ಟು ದಿನ ತಳ್ಳೋಣ ಎನ್ನುವವರು ಈ ಸಂಖ್ಯೆಯನ್ನು ಒಮ್ಮೆ ಓದಲಿ. ಬದಲಿ ಟೈರಿನಲ್ಲಿ ಭಾರದ ಸಂಖ್ಯೆ ಮೊದಲಿದ್ದಷ್ಟೇ ಇರಬೇಕು ಅಥವಾ ಹೆಚ್ಚಿರಬೇಕು, ಕಡಿಮೆ ಆಗಲೇಬಾರದು. ವೇಗದ ಅಕ್ಷರಕ್ಕೂ ಇದೇ ಮಾತು.

ಮಲೆನಾಡಿನ ಮಳೆಗಾಲದ ಸವಾರರಿಗೆ ಇನ್ನೊಂದು ವಿಷಯ. ನೀರು ನಿಂತ ರಸ್ತೆಯಲ್ಲಿ ಟೈರ್ ನೀರನ್ನು ಸೀಳಿಕೊಂಡು ನೆಲ ಮುಟ್ಟಬೇಕು. ಗುರುತು ಅಡ್ಡಕ್ಕೆ ಹರಡಿದಷ್ಟೂ ಪಕ್ಕಕ್ಕೆ ತಳ್ಳಬೇಕಾದ ನೀರು ಹೆಚ್ಚು. ಅಲ್ಲಿ ಕಾಯುವುದು ಗೀರುಗಳ ಆಳ ಮತ್ತು ರಬ್ಬರಿನ ಮೆದುತನ. ಮೆದುತನ ವಯಸ್ಸಿನೊಂದಿಗೆ ಹೋಗುತ್ತದೆ, ಅಂಗಡಿಯ ಅಟ್ಟದಲ್ಲಿ ಸುಮ್ಮನೆ ಬಿದ್ದಿದ್ದರೂ ಹೋಗುತ್ತದೆ. ಟೈರಿನ ಮಗ್ಗುಲಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ರಿಯಾಯಿತಿಯಲ್ಲಿ ಸಿಗುವ ನಾಲ್ಕೈದು ವರ್ಷ ಹಳೆಯ ದಪ್ಪ ಟೈರಿಗಿಂತ ಇದೇ ವರ್ಷದ ಕಂಪನಿ ಸೈಜಿನ ಟೈರ್ ತೇವದ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ. ದಪ್ಪಕ್ಕೆಂದು ಎತ್ತಿಟ್ಟ ಹಣವಿದ್ದರೆ ಅದನ್ನು ಅದೇ ಅಳತೆಯಲ್ಲಿ ಒಳ್ಳೆಯ ರಬ್ಬರಿನ ಟೈರಿಗೆ ಹಾಕಿ ಎಂದೇ ನಾನು ಹೇಳುವುದು.

ಹಾಕಿಸುವಾಗ ಮಗ್ಗುಲಲ್ಲಿರುವ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೇ ಇದೆಯೇ ನೋಡಿ. ಟ್ಯೂಬಿನ ಚಕ್ರವಾದರೆ ಟ್ಯೂಬೂ ಹೊಸದಿರಲಿ. ಹಿಗ್ಗಿದ ಹಳೆಯ ಟ್ಯೂಬ್ ಹೊಸ ಟೈರಿನೊಳಗೆ ಮಡಿಚಿಕೊಂಡು ಸೀಳುತ್ತದೆ. ಕಡ್ಡಿ ಚಕ್ರಕ್ಕೆ ಟ್ಯೂಬ್‌ಲೆಸ್ ಎಂದು ಬರೆದ ಟೈರ್ ಹಾಕಿದರೂ ಒಳಗೆ ಟ್ಯೂಬ್ ಬೇಕೇ ಬೇಕು, ಸಾಮಾನ್ಯ ಕಡ್ಡಿ ಚಕ್ರದಲ್ಲಿ ಕಡ್ಡಿಯ ತೂತುಗಳಲ್ಲಿ ಗಾಳಿ ನಿಲ್ಲುವುದಿಲ್ಲ. ಗಾಳಿ ತುಂಬಿದ ಮೇಲೆ ರಿಮ್ಮಿನ ಅಂಚಿನ ಪಕ್ಕ ಟೈರಿನ ಮೇಲೆ ಒಂದು ತೆಳು ಗೆರೆ ಕಾಣುತ್ತದೆ. ಅದು ಸುತ್ತಲೂ ರಿಮ್ಮಿನಿಂದ ಒಂದೇ ದೂರದಲ್ಲಿರಬೇಕು. ಒಂದು ಕಡೆ ಒಳಗೆ ಸರಿದಿದ್ದರೆ ಟೈರ್ ಸರಿಯಾಗಿ ಕೂತಿಲ್ಲ, ಗಾಳಿ ಬಿಟ್ಟು ಮತ್ತೆ ಕೂರಿಸಲು ಹೇಳಿ. ಹೊಸ ಟೈರಿನ ಮೈ ಇನ್ನೂ ನುಣುಪಾಗಿರುವುದರಿಂದ ಮೊದಲ ನೂರು ನೂರೈವತ್ತು ಕಿ.ಮೀ. ಹೆಚ್ಚು ವಾಲಿಸದೆ, ಜೋರಾಗಿ ಬ್ರೇಕ್ ಹಿಡಿಯದೆ ಓಡಿಸಿ, ಆಮೇಲೆ ಚೈನಿನ ಬಿಗಿಯನ್ನೂ ಗಾಳಿಯನ್ನೂ ಇನ್ನೊಮ್ಮೆ ನೋಡಿಸಿ.